ಬೆಳೆಹಬ್ಬದ ಏಲಂ ಮತ್ತು ಇಂಗ್ಲೆಂಡಿನ ಲಕೋಟೆ

ಇಂಗ್ಲೆಂಡಿನ ಚರ್ಚಿನಲ್ಲಿ 10 ಪೌಂಡ್ ಕಾಣಿಕೆ ಕೊಟ್ಟರೆ ಚರ್ಚಿನ ಖಾತೆಗೆ 12.50 ಸೇರುತ್ತದೆ. ಮಂಗಳೂರು, ಉಡುಪಿ ಕಡೆಯ ನಮ್ಮ ಊರಿನಿಂದ ಹೊಸದಾಗಿ ಬಂದವರು ಇದನ್ನು ಒಂದೇ ಸಲಕ್ಕೆ ನಂಬುವುದಿಲ್ಲ. ಕೊಟ್ಟವರು ಆಗಲೇ ಕಟ್ಟಿರುವ ಆದಾಯ ತೆರಿಗೆಯಿಂದ ಸರ್ಕಾರ ಪೌಂಡಿಗೆ 25 ಪೆನ್ಸ್ ಲೆಕ್ಕದಲ್ಲಿ ಚರ್ಚಿಗೆ ಕೊಡುತ್ತದೆ. ಗಿಫ್ಟ್ ಏಡ್ ಅಂತ ಹೆಸರು, 1990ರಿಂದ ಇದೆ.

ಬೆಂಚಿನ ಮೇಲಿರುವ ಪುಟ್ಟ ಲಕೋಟೆಯಲ್ಲೇ ಎಲ್ಲ ಇರುವುದು. ಹೆಸರು, ಮನೆ ನಂಬರು, ಪೋಸ್ಟ್‌ಕೋಡ್, ತಾರೀಖು, ಕೊನೆಗೆ ಗಿಫ್ಟ್ ಏಡ್‌ಗೆ ಒಪ್ಪಿದ್ದೇನೆ ಎನ್ನುವ ಒಂದು ಟಿಕ್. ನಮ್ಮವರು ಎಡವುವುದು ಆ ಟಿಕ್‌ನಲ್ಲಿ. ವರ್ಷಕ್ಕೆ 12,570 ಪೌಂಡಿನೊಳಗೆ ದುಡಿಯುವ ವಿದ್ಯಾರ್ಥಿಗೆ ಆದಾಯ ತೆರಿಗೆಯೇ ಇಲ್ಲ. ಅವನು ಟಿಕ್ ಹಾಕಿ 100 ಪೌಂಡ್ ಕೊಟ್ಟರೆ, ಸರ್ಕಾರ ಚರ್ಚಿಗೆ ಕೊಟ್ಟ 25 ಪೌಂಡನ್ನು ತೆರಿಗೆಯವರು ಅವನಿಂದಲೇ ವಸೂಲಿ ಮಾಡಬಹುದು. ಗಂಡನ ಸಂಬಳದ ದುಡ್ಡು ಹಾಕಿ, ಸ್ವಂತ ಆದಾಯವಿಲ್ಲದ ಹೆಂಡತಿಯ ಹೆಸರು ಬರೆದರೂ ಇದೇ ತೊಂದರೆ. ಅಂಥವರು ಟಿಕ್ ಹಾಕದೆ ಕೊಡುವುದೇ ಸರಿ. 30 ಪೌಂಡಿನವರೆಗಿನ ನಗದಿಗೆ, ಕಾರ್ಡ್ ತಾಗಿಸಿ ಕೊಟ್ಟದ್ದಕ್ಕೆ ಬೇರೆ ದಾರಿ ಇದೆ. ವರ್ಷಕ್ಕೆ 8,000 ಪೌಂಡಿನವರೆಗಿನ ಅಂಥ ಕಾಣಿಕೆಗೆ ಯಾರ ಹೆಸರೂ ಇಲ್ಲದೆ ಅದೇ 25 ಪೆನ್ಸ್ ಸಿಗುತ್ತದೆ. ಖಜಾಂಚಿ ಮಾತ್ರ ಮೊತ್ತ, ಕಾಣಿಕೆ ಎತ್ತಿದ ದಿನ, ಬ್ಯಾಂಕಿಗೆ ಕಟ್ಟಿದ ದಿನ ಬರೆದಿಟ್ಟಿರಬೇಕು.

ನಮ್ಮ ಮಂಗಳೂರು, ಉಡುಪಿ ಕಡೆ ಚರ್ಚಿನ ಕಾಣಿಕೆ ಚೀಲಕ್ಕೆ ಬಿದ್ದದ್ದು ಯಾರದೆಂದು ಯಾರಿಗೂ ಗೊತ್ತಿಲ್ಲ. ಒಂದೇ ಧರ್ಮದವರಿಗಾಗಿ ಇರುವ ಸಂಸ್ಥೆಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆ ರಿಯಾಯಿತಿ ಸಿಗದ್ದರಿಂದ, ಕೊಟ್ಟವರೂ ರಸೀದಿ ಕೇಳುವುದಿಲ್ಲ. ಸಭೆಯವರು ಬೆಳೆ ತಂದು ಚರ್ಚಿಗೆ ಅರ್ಪಿಸುವ ಬೆಳೆಹಬ್ಬದಲ್ಲಿ, ಅದನ್ನು ಕೂಗಿ ಮಾರುವ ಏಲಂನಲ್ಲಿ ಮಾತ್ರ ಕುಂಬಳಕಾಯಿಯನ್ನು ಯಾರು ಎಷ್ಟಕ್ಕೆ ಕೂಗಿದರೆಂದು ಇಡೀ ಸಭೆಗೆ ಗೊತ್ತು. ಮೈಕಿನಲ್ಲಿ ಹೆಸರು ಬಂದರಷ್ಟೇ ಕೈ ಬಿಚ್ಚುವುದು ನನಗೆ ಹಿಡಿಸುವುದಿಲ್ಲ. ಆವೇಶದಲ್ಲಿ ಕೂಗಿದ ಹಣ ಬಾಕಿಯಾಗಿ ಉಳಿಯುವುದೂ ಇದರಿಂದಲೇ. ಇಂಗ್ಲೆಂಡಿನ ನಿಯಮದಲ್ಲಿ ಏಲಂ ದುಡ್ಡೆಲ್ಲ ದಾನವಾಗಲೇಬೇಕೆಂದಿಲ್ಲ. ಅಂಗಡಿಯಲ್ಲಿ 3 ಪೌಂಡಿಗೆ ಸಿಗುವ ಕಾಯಿಯನ್ನು, ಬೆಲೆ ಗೊತ್ತಿದ್ದೂ 50ಕ್ಕೆ ಕೊಂಡರೆ ಹೆಚ್ಚಿಗೆ ಕೊಟ್ಟ 47ನ್ನು ಕಾಣಿಕೆ ಎನ್ನಬಹುದು. ಊರಿನ ಸಭೆಗಳೂ ಲೆಕ್ಕದ ಪುಸ್ತಕದಲ್ಲಿ ಕಾಯಿಯ ಬೆಲೆಗೊಂದು, ಕಾಣಿಕೆಗೊಂದು ಕಾಲಂ ಹಾಕಲಿ, ಕೂಗಿದ ದಿನವೇ ರಸೀದಿ ಹರಿಯಲಿ.

ಇಷ್ಟಾದರೂ ಒಂದನ್ನು ಒಪ್ಪಲೇಬೇಕು. ಇಂಗ್ಲೆಂಡಿನಲ್ಲಿ ಈಗ ಲಕೋಟೆಯೂ ಕಡಿಮೆಯಾಗುತ್ತಿದೆ, ಡೈರೆಕ್ಟ್ ಡೆಬಿಟ್‌ನಲ್ಲಿ ತಿಂಗಳಿಗೊಮ್ಮೆ ಹಣ ತಾನಾಗಿ ಹೋಗುತ್ತದೆ. ಪಕ್ಕದಲ್ಲಿ ಕೂತ ಮಗುವಿಗೆ ಅಪ್ಪ ಅಮ್ಮ ಕೊಡುವುದು ಕಾಣುವುದೇ ಇಲ್ಲ. ಊರಿನಲ್ಲಿ ಕೈಯಲ್ಲಿ ಕಾಸಿಲ್ಲದ ಅಜ್ಜಿಯೂ ಹಿತ್ತಿಲ ಬಸಳೆಯ ಕಟ್ಟೊಂದನ್ನು ತಂದು ಆಲ್ಟರಿನ ಮುಂದೆ ಇಡುತ್ತಾರೆ. ಅದು 500 ರೂಪಾಯಿಗೆ ಹೋಗುತ್ತದೆ, ಕೊಂಡವರು ಮತ್ತೆ ಏಲಂಗೇ ಬಿಡುತ್ತಾರೆ, ಇನ್ನೊಂದು 300 ಸೇರುತ್ತದೆ.