‘ಕ್ಯಾಶ್ 3’ ಅಂತ ಬರೆದಿದ್ದು ನನಗೊಬ್ಬನಿಗೇ ಯಾಕೆ ಕಾಣಲಿಲ್ಲ?

ತಿರುಗಿಸಿ ನೋಡಬೇಕಿತ್ತು. ಇಷ್ಟೇ. ಜನತಾ ಬಜಾರಿನಲ್ಲಿ ಕಾಲು ಕಿಲೋ ಬದನೆಕಾಯಿ ತಗೊಳ್ಳುವಾಗ ಒಂದೊಂದನ್ನೂ ತಿರುಗಿಸಿ ಹುಳದ ತೂತು ಹುಡುಕುವವನು ನಾನು. ನನ್ನ ಸ್ನೂಕರ್ ರೂಮಿಗೆ ಅಂತ ನಾಲ್ಕು ಹಳೇ ಕುರ್ಚಿಗೆ 18,000 ರೂಪಾಯಿ ಎಣಿಸಿ ಕೊಡುವಾಗ ಮಾತ್ರ ಕುರ್ಚಿಯ ತಳ ನೋಡಬೇಕು ಅಂತ ಹೊಳೆಯಲಿಲ್ಲ.

ಈಗ ರಾತ್ರಿ ಹನ್ನೆರಡಾಗ್ತಾ ಬಂತು. ಆ ಹೆಬ್ಬೆರಳು ಕಣ್ಣ ಮುಂದಿನಿಂದ ಹೋಗ್ತಿಲ್ಲ.

ಹಳೇ ಸಾಮಾನಿನ ಅಂಗಡಿಯವನು ಹೇಳಿದ್ದು ಕೇಳಿ. “ಸಾಹೇಬ್ರ, ಇವು 1910ರ ಮಾಲು. ರೈಲ್ವೆ ಸಾಹೇಬ್ರು ಬಿಲಿಯರ್ಡ್ಸ್ ಆಡ್ತಿದ್ರಲ್ಲ, ಅದನ್ನ ನೋಡಾಕ ಕುಂಡರ್ತಿದ್ದ ಕುರ್ಚಿ.” ಹುಬ್ಬಳ್ಳಿಯಲ್ಲಿ ಹಳೇ ಸಾಮಾನು ಏನೇ ಇರಲಿ, ಅದು ರೈಲ್ವೆ ಸಾಹೇಬರದ್ದೇ ಆಗಿರುತ್ತೆ. ಗಡಿಯಾರ, ಲಾಟೀನು, ಬೀರು, ಈಗ ಕುರ್ಚಿ. ಆ ಸಾಹೇಬರು ವರ್ಕ್‌ಶಾಪಿನಲ್ಲಿ ಇಂಜಿನ್ ರಿಪೇರಿ ಯಾವಾಗ ಮಾಡ್ತಿದ್ರೋ ಗೊತ್ತಿಲ್ಲ.

ನಾನೇನು ತಿಳೀದೆ ಹೋಗಿರಲಿಲ್ಲ. ಹೊಟ್ಟೆ ಉರೀತಿರೋದು ಅದಕ್ಕೇ. ಎರಡು ತಿಂಗಳು ಓದಿದ್ದೇನೆ, ನೂರಾರು ಫೋಟೋ ನೋಡಿದ್ದೇನೆ. ಆಟದ ಟೇಬಲ್ಲಿನ ಎತ್ತರ ಹತ್ತಿರ ಹತ್ತಿರ 34 ಇಂಚು. ಮನೆಯ ಕುರ್ಚಿಯ ಸೀಟು 18 ಇಂಚು. ಅದರಲ್ಲಿ ಕೂತರೆ ಟೇಬಲ್ಲಿನ ಪಕ್ಕದ ಕಟ್ಟಿಗೆ ಚೆನ್ನಾಗಿ ಕಾಣುತ್ತೆ, ಆಟ ಕಾಣಲ್ಲ. ನಮ್ಮ ಕಡೆ ಕುಶನ್‌ಗೆ, ಅಂದರೆ ಟೇಬಲ್ಲಿನ ರಬ್ಬರ್ ಅಂಚಿಗೆ, ಹತ್ತಿದ ಬಾಲು ಮಾಯ. ಅದಕ್ಕೇ ನೋಡುವವರ ಕುರ್ಚಿಯ ಸೀಟು 24ರಿಂದ 30 ಇಂಚು ಎತ್ತರ ಇರುತ್ತೆ. ಅಷ್ಟೆತ್ತರ ಕೂತರೆ ಕಾಲು ಜೋತಾಡುತ್ತಲ್ಲ, ಅದಕ್ಕೆ ಕೆಳಗೊಂದು ಕಾಲುಹಲಗೆ. ಕುರ್ಚಿಯ ಕೈ ಅಗಲ. ಆ ಕೈಯ ತುದಿಯಲ್ಲಿ ಕ್ಯೂ, ಅಂದರೆ ಬಾಲು ಹೊಡೆಯುವ ಕೋಲು, ಆನಿಸಿ ನಿಲ್ಲಿಸೋಕೆ ಒಂದು ಕಚ್ಚು. ಅಮೆರಿಕದ ಬ್ರನ್ಸ್‌ವಿಕ್‌ನಂಥ ಕಂಪನಿಗಳು ಟೇಬಲ್ ಜೊತೆ ಇಂಥ ಕುರ್ಚಿಗಳನ್ನೂ ಮಾಡುತ್ತಿದ್ದವು.

ಇದನ್ನೆಲ್ಲ ಅವನಿಗೆ ಯಾರು ಹೇಳಿದರು ಅಂತೀರಾ? ನಾನೇ! ಮೊದಲ ಸಲ ಹಳೇ ಹುಬ್ಬಳ್ಳಿಯ ಆ ಅಂಗಡಿಗೆ ಹೋದಾಗ ಫೋನಿನಲ್ಲಿ ಫೋಟೋ ತೋರಿಸಿ, ಬೆರಳಿಟ್ಟು, “ಇಲ್ಲಿ ಕಚ್ಚು ಇರಬೇಕು ನೋಡು, ಇದೇ ಗುರುತು” ಅಂತ ಕಲಿಸಿ ಬಂದೆ. “ಎಂಟು ದಿನ ಬಿಟ್ಟು ಬರ್ರಿ” ಅಂದ. ಎಂಟು ದಿನ ಬಿಟ್ಟು ಹೋದೆ. ನಾಲ್ಕು ಕುರ್ಚಿ, ನಾಲ್ಕಕ್ಕೂ ಬಲಗೈಯಲ್ಲಿ ಕಚ್ಚು. ಟೇಪು ಹಿಡಿದೆ, 27 ಇಂಚು. ಕಾಲುಹಲಗೆ ಇದೆ. ಉಗುರಿನಲ್ಲಿ ಕೆರೆದು ಮೂಸಿದೆ, ಸಾಗವಾನಿ. ಒಂದಕ್ಕೆ 4,500. ಚೌಕಾಸಿ ಕೂಡ ಮಾಡಲಿಲ್ಲ, ಅವನಿಗೆ ಇದರ ಬೆಲೆ ಗೊತ್ತಿಲ್ಲ ಅಂತ ಒಳಗೊಳಗೇ ನಗ್ತಿದ್ದೆ. ಟೆಂಪೋಗೆ 900, ಪಾಲಿಶ್‌ಗೆ 3,200 ಬೇರೆ.

ಇವತ್ತು ಸಂಜೆ ಅವನ್ನು ಗೋಡೆಗುಂಟ ಜೋಡಿಸಿದೆ. ಖುಷಿಗೆ ದುರ್ಗದಬೈಲಿನಿಂದ ಗಿರಮಿಟ್ಟು, ಮಿರ್ಚಿ ತರಿಸಿದೆ. ಏಳೆಂಟು ಹುಡುಗರು, ನಮ್ಮ ಭಾವ, ಆಮೇಲೆ ಒಬ್ಬ ಹಿರಿಯರು. ದಿನಾ ಬರ್ತಾರೆ, ಈಗ ಆಡಲ್ಲ, ನೋಡ್ತಾರೆ. ಅವರಿಗೆ ಅಂತಲೇ ಮೊದಲ ಕುರ್ಚಿ ತೋರಿಸಿ, “ಕೂತ್ಕೊಳ್ಳಿ ಸರ್, ನೂರು ವರ್ಷದ ಕುರ್ಚಿ” ಅಂದೆ. ಯಾಕೆ ಅಂದೆನೋ!

ಕೂತರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಹೆಬ್ಬೆರಳನ್ನು ಕಚ್ಚಿನೊಳಗೆ ಇಟ್ಟು, ನೋಟು ಎಣಿಸುವ ಹಾಗೆ ಎರಡು ಸಲ ಉಜ್ಜಿದರು. ಬೆರಳು ಮೇಲೆತ್ತಿ ಲೈಟಿಗೆ ಹಿಡಿದು ನೋಡಿದರು. ಪಾಲಿಶ್ ಕೆಳಗಿನ ತಿಳಿ ಬಣ್ಣದ ಕಟ್ಟಿಗೆಯ ಪುಡಿ.

“ತಮ್ಮಾ, ಇದು ಮೊನ್ನೆ ಕಾನಸು ಹಾಕಿದ್ದಲ್ಲೋ.”

ಕಾನಸು ಅಂದರೆ ಕಟ್ಟಿಗೆ ಉಜ್ಜುವ ಅರ. ಎಲ್ಲರೂ ಆಟ ನಿಲ್ಲಿಸಿದರು. ಅವರು ಮೆಲ್ಲಗೆ ಹೇಳ್ತಾನೇ ಇದ್ದರು. ನಿಜವಾದ ಕಚ್ಚಾದರೆ ಕ್ಯೂ ತಿಕ್ಕಿ ತಿಕ್ಕಿ ಅಂಚು ದುಂಡಗಾಗಿರುತ್ತೆ, ಬೆವರಿಗೆ ಕಪ್ಪಾಗಿರುತ್ತೆ, ಎಳೆ ಎಳೆಯಲ್ಲಿ ಕ್ಯೂ ತುದಿಗೆ ಹಚ್ಚುವ ಚಾಕ್‌ಪೀಸಿನ ಪುಡಿ ಕೂತಿರುತ್ತೆ. ಇದರ ಅಂಚು ಬೆರಳಿಗೆ ಚುಚ್ಚುತ್ತೆ. “ಮಗ್ಗಲಕ್ಕ ಹಾಕ್ರಿ ಅದನ್ನ” ಅಂದರು. ಹುಡುಗರು ಹಾಕಿದರು. ಐದಾರು ಮೊಬೈಲ್ ಟಾರ್ಚು ಒಟ್ಟಿಗೆ ಹತ್ತಿದವು, ಪೋಸ್ಟ್‌ಮಾರ್ಟಂ ಆದ ಹಾಗೆ. ತಳದ ತುಂಬ ಪ್ಲಸ್ ಸ್ಕ್ರೂ. ಆ ಸ್ಕ್ರೂ ಬಳಕೆಗೆ ಬಂದಿದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ಇದನ್ನೂ ಓದಿದ್ದೆ ನಾನು! ನಡುವೆ ಬಿಳಿ ಬಣ್ಣದಲ್ಲಿ ದಪ್ಪಕ್ಷರ: ಕ್ಯಾಶ್ 3. ಪಾಲಿಶ್‌ನವನು ಆ ಅಕ್ಷರಗಳಿಗೆ ತಾಗದ ಹಾಗೆ ಸುತ್ತ ಎಷ್ಟು ನಾಜೂಕಾಗಿ ಬ್ರಷ್ ಆಡಿಸಿದ್ದಾನೆ ಗೊತ್ತಾ? ಅವನಿಗೆ ಕಂಡಿದೆ. ನನಗೆ ಕಂಡಿಲ್ಲ.

“ಬ್ಯಾಂಕಿನ ಕುರ್ಚಿ. ಆಗ ಕ್ಯಾಶ್ ಕೌಂಟರ್ ಎತ್ತರ ಇರ್ತಿದ್ವು. ಜಾಳಿಗಿ ಹಿಂದ ಇಂಥಾದರ ಮ್ಯಾಲೆ 22 ವರ್ಷ ಕುಂತೀನಿ” ಅಂದರು. ಗೇಲಿ ಮಾಡಲಿಲ್ಲ. ಮಾಡಿದ್ದರೆ ಜಗಳ ಆಡಬಹುದಿತ್ತು. ಹಳೇ ದೋಸ್ತ ಸಿಕ್ಕ ಹಾಗೆ ಕುರ್ಚಿಯ ಬೆನ್ನು ಸವರಿದರು.

ಗೇಲಿ ಮಾಡಿದ್ದು ಉಳಿದವರು. “ಅಣ್ಣಾ, ಟೋಕನ್ ಕೊಡ್ರಿ.” “ಚಲನ್ ತುಂಬಬೇಕೇನ್ರಿ?” “ಊಟದ ಟೈಮ್ ಐತಿ, ಎರಡಕ್ಕ ಬರ್ರಿ.” ನನ್ನ ದುಡ್ಡಿನ ಮಿರ್ಚಿ ಬಾಯಲ್ಲಿಟ್ಟುಕೊಂಡು! ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ಭಾವ. ಈ ಧಂಧೆಗೆ ಅವನು ಹಾಕಿದ್ದು ಒಂದು ಕ್ಯಾಲೆಂಡರು.

ಬಿಡಿ, ಹೋಗಲಿ. ಕುರ್ಚಿ ಗಟ್ಟಿ ಇವೆ. ಸಾಗವಾನಿ ಸುಳ್ಳಲ್ಲ, ಎತ್ತರ ಸುಳ್ಳಲ್ಲ, ಕೂತವರಿಗೆ ಆಟ ಕಾಣುತ್ತೆ. ಈಗಿನ ಕಾಲದಲ್ಲಿ 4,500ಕ್ಕೆ ಸಾಗವಾನಿ ಕುರ್ಚಿ ಎಲ್ಲಿ ಸಿಗುತ್ತೆ?

ಇಲ್ಲ, ಯಾಕೆ ಬಿಡಬೇಕು? ಮೋಸ ಮೋಸವೇ ಅಲ್ವಾ? ಬೆಳಗ್ಗೆ ಹೋಗಿ ಕೇಳ್ತೀನಿ. ಬಿಲ್ ಎಲ್ಲಿ ಅಂತಾನೆ. ಬಿಲ್ ಇಲ್ಲ. ‘ಬಿಲ್ ಯಾಕೆ, ನಂಬಿಕೆ ಸಾಕು’ ಅಂದವನೂ ನಾನೇ.

ಇನ್ನೊಂದು ಹೇಳ್ತೀನಿ, ನಗಬೇಡಿ. ಎಲ್ಲರೂ ಹೋದ ಮೇಲೆ ಟೇಪು ತಗೊಂಡು ಕೂತೆ. ಗೋಡೆಯಿಂದ ಟೇಬಲ್ಲಿಗೆ 6 ಅಡಿ, ಅಂದರೆ 72 ಇಂಚು. ಕಾಲುಹಲಗೆ ಸೇರಿ ಕುರ್ಚಿ 26 ಇಂಚು ತಿನ್ನುತ್ತೆ. ಉಳಿದದ್ದು 46. ಕ್ಯೂ ಸುಮಾರು 58 ಇಂಚು. ಅಂದರೆ ಕೂತವರು ಮೊಣಕಾಲು ಎದೆಗೆ ಎಳೆದುಕೊಂಡರೆ ಮಾತ್ರ ಆಡುವವನು ಹೊಡೆಯಬಹುದು. ಇವು ಅಸಲಿ ಬ್ರನ್ಸ್‌ವಿಕ್ಕೇ ಆಗಿದ್ದರೂ ನನ್ನ ರೂಮಿಗೆ ಆಗ್ತಿರಲಿಲ್ಲ! ಬಂದವರಿಗೆಲ್ಲ “ಸ್ನೂಕರ್ ಹುಟ್ಟಿದ್ದು 1875ರಲ್ಲಿ ನಮ್ಮ ಜಬಲ್‌ಪುರದಲ್ಲಿ” ಅಂತ ಪಾಠ ಹೇಳುವ ಜಾಣ ನಾನು. ಕುರ್ಚಿ ಹುಟ್ಟಿದ್ದೆಲ್ಲಿ ಗೊತ್ತಿಲ್ಲ, ಇಡೋದೆಲ್ಲಿ ಅದೂ ಗೊತ್ತಿಲ್ಲ.

ಆದರೂ ನನಗೊಂದು ಉತ್ತರ ಬೇಕು. ಅವನೇ ಕೊಡಲಿ, ಪಾಲಿಶ್‌ನವನೇ ಕೊಡಲಿ, ಯಾರಾದ್ರೂ ಕೊಡಿ. ಕಾನಸು ಹಾಕುವಾಗ ನಗು ಬರಲಿಲ್ವಾ? ನಾಲ್ಕು ಕುರ್ಚಿ, ಒಂದೊಂದಕ್ಕೆ ಹತ್ತು ನಿಮಿಷ ಅಂದ್ರೂ ನಲವತ್ತು ನಿಮಿಷ ನನ್ನ ನೆನಪು ಮಾಡಿಕೊಂಡೇ ಉಜ್ಜಿರಬೇಕಲ್ಲ?

ನಾಲ್ಕನ್ನೂ ವಾಪಸ್ ಕೊಡ್ತೀನಿ. ನಾಲ್ಕನ್ನೂ ಅಂದ್ರೆ, ಮೂರು. ಹೋಗುವಾಗ ಆ ಹಿರಿಯರು ಮೂರನೇ ನಂಬರಿನದನ್ನು ಮೂಲೆಗೆ ಎಳೆದಿಟ್ಟು “ಇದು ನಂದು, ನಾಳೆ ಬರ್ತೀನಿ” ಅಂದಿದ್ದಾರೆ. ಮೂರಕ್ಕೆ 13,500 ಕೇಳ್ಲಾ, ಇಲ್ಲಾ 12,000ಕ್ಕೆ ಒಪ್ಪಿಕೊಳ್ಲಾ? ಬೇಗ ಹೇಳಿ, ಒಂಬತ್ತಕ್ಕೆ ಅಂಗಡಿ ತೆಗೀತಾನೆ.