ಬಿಳಿ ಕಾರಿಗೊಂದು ಹಾರ

ಸಿಗ್ನಲ್‌ನಲ್ಲಿ ಹಸಿರು ಮೂರು ಸಲ ಬಂದು ಹೋಯಿತು. ನಾವು ಕದಲಲಿಲ್ಲ. ಪೊಲೀಸರು ಕೈ ಅಡ್ಡ ಹಿಡಿದು ನಿಂತಿದ್ದರು. ಯಾರೋ ದೊಡ್ಡವರು ಬರುತ್ತಾರಂತೆ. ಯಾರು ಅಂತ ಯಾರಿಗೂ ಗೊತ್ತಿಲ್ಲ, ಕೇಳಿದವರೂ ಇಲ್ಲ. ಕೊನೆಗೆ ಒಂಬತ್ತು ಗಾಡಿ ಹೋದವು. ಎಣಿಸಿದ್ದೇನೆ, ಬೇರೆ ಕೆಲಸ ಏನಿತ್ತು?

2017ರ ಮೇ 1ಕ್ಕೆ ಕಾರಿನ ನೆತ್ತಿಯಿಂದ ಕೆಂಪು ದೀಪ ಇಳಿಯಿತು, ನೆನಪಿದೆ ಅಲ್ವಾ? ವಿಐಪಿ ಸಂಸ್ಕೃತಿ ಮುಗಿದೇ ಹೋಯಿತು ಅಂತ ನಾವೆಲ್ಲ ಖುಷಿಪಟ್ಟಿದ್ದೇ ಪಟ್ಟಿದ್ದು. ದೀಪ ಇಳಿಯಿತು, ಕಾರು ದಪ್ಪ ಆಯಿತು. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿತ್ತು. ಆ ಒಂಬತ್ತರಲ್ಲಿ ಒಳಗೆ ಮನುಷ್ಯರು ಇದ್ದಾರೋ ಇಲ್ಲವೋ ಅಂತಲೂ ಕಾಣಲಿಲ್ಲ. ಇರಲಿ ಬಿಡಿ. ವಿಧಾನಸೌಧದ ಹಣೆ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ. ದೇವರು ಅಂದಮೇಲೆ ಉತ್ಸವ ಹೊರಡಬೇಕು, ಭಕ್ತರು ಬಿಸಿಲಲ್ಲಿ ನಿಲ್ಲಬೇಕು.

ಕಾರು ಅಂದಾಗ ನನಗೆ ಆ ಕಾಗೆ ನೆನಪಾಗುತ್ತದೆ. 2016ರಲ್ಲಿ ಮುಖ್ಯಮಂತ್ರಿಗಳ ಕಾರಿನ ಮೇಲೆ ಬಂದು ಕೂತಿತ್ತಲ್ಲ, ಅದೇ. ಓಡಿಸಿದರೂ ಏಳಲಿಲ್ಲ. ಟೀವಿಯವರು ದಿನವಿಡೀ ಜ್ಯೋತಿಷ್ಯ ಕೇಳಿದರು. ಆಮೇಲೆ ಹೊಸ ಕಾರು ಬಂತು. ಅದಕ್ಕೂ ಕಾಗೆಗೂ ಸಂಬಂಧ ಇಲ್ಲ ಅಂದರು. ನಂಬೋಣ. ನನಗಂತೂ ಕಾಗೆ ಮೇಲೇ ಗೌರವ ಜಾಸ್ತಿ. ಪಾಸಿಲ್ಲದೆ, ಶಿಫಾರಸಿಲ್ಲದೆ ಅಷ್ಟು ಹತ್ತಿರ ಹೋದ ಪ್ರಜೆ ಬೇರೆ ಯಾರಿದ್ದಾರೆ?

ಇನ್ನು ಚುನಾವಣೆ ಅಫಿಡವಿಟ್ ಓದುವುದೇ ಒಂದು ಸುಖ. ಕೋಟಿಗಟ್ಟಲೆ ಆಸ್ತಿ, ಕೊನೆಗೆ ‘ಸ್ವಂತ ವಾಹನ ಇಲ್ಲ’. ಪಾಪ, ಹೇಗೆ ಓಡಾಡುತ್ತಾರೋ! ಕಾರು ಕಂಪನಿಯದು, ಕಂಪನಿ ಬಾಮೈದನದು, ಬಾಮೈದ ಮಾತ್ರ ಸ್ವಂತದವನು.

ನಿಜ ಹೇಳಬೇಕೆಂದರೆ ಆವತ್ತು ನಗು ಬರಲಿಲ್ಲ. ಪಕ್ಕದ ಸ್ಕೂಟರಲ್ಲಿ ಒಬ್ಬಳು ಹುಡುಗಿ ಹಾಲ್ ಟಿಕೆಟ್ ಹಿಡಿದುಕೊಂಡು ಗಡಿಯಾರ ನೋಡುತ್ತಿದ್ದಳು. ಅವಳಪ್ಪ ಪೊಲೀಸರಿಗೆ ಎರಡು ಸಲ ಕೈಮುಗಿದರು. ಸಿಟ್ಟು ಬಂತು. ಆ ಡೀಸೆಲ್ ನಮ್ಮ ದುಡ್ಡು, ಆ ರಸ್ತೆ ನಮ್ಮ ದುಡ್ಡು, ಕೈಮುಗಿಯುವವರೂ ನಾವೇ. ಸಾಕಾಗಿದೆ.

ಬೈಯುವ ಹಕ್ಕು ನನಗೂ ಅಷ್ಟಾಗಿ ಇಲ್ಲ ಅನ್ನಿ. ಹೋದ ತಿಂಗಳು ನೆಂಟರ ಮದುವೆ. ಛತ್ರದ ಬಾಗಿಲಿಗೆ ದೊಡ್ಡದೊಂದು ಬಿಳಿ ಕಾರು ಬಂತು. ಇಡೀ ಪಂಕ್ತಿ ಎಲೆ ಬಿಟ್ಟು ಎದ್ದಿತು. ಓಲಗದವರು ಜೋರು ಮಾಡಿದರು. ಹೆಣ್ಣಿನ ತಂದೆ ಹಾರ ಹಿಡಿದು ಓಡಿದರು. ಇಳಿದವನು ಡ್ರೈವರ್. ‘ಸಾಹೇಬ್ರು ಬರಕ್ಕಾಗಲ್ಲ ಅಂದ್ರು, ಈ ಕವರ್ ಕೊಟ್ಟು ಬಾ ಅಂದ್ರು’ ಅಂದ. ತಂದ ಹಾರ ವಾಪಸ್ ಒಯ್ಯಬಾರದಲ್ಲ. ಅವರು ಒಂದು ಗಳಿಗೆ ಯೋಚಿಸಿ ಅದನ್ನು ಕಾರಿನ ಬಾನೆಟ್‌ಗೇ ಹಾಕಿದರು. ಫೋಟೋದವನು ಕ್ಲಿಕ್ಕಿಸಿದ.

ಆಲ್ಬಂ ಬಂದಿದೆ. ಕಾರಿನ ಎಡಕ್ಕೆ, ಎಂಜಲು ಕೈ ಹಿಂದೆ ಕಟ್ಟಿಕೊಂಡು ನಿಂತವನು ನಾನೇ.