ರೇಡಿಯೊ ಕೆಟ್ಟಿಲ್ಲ ಮಾರಾಯ್ರೇ, ಸೆಲ್ ತಪ್ಪು!

ಬೆಳಗ್ಗೆ ಶುರುವಾದ ರಗಳೆ, ಇನ್ನೂ ತಲೆ ತಣ್ಣಗಾಗಿಲ್ಲ.

ನಮ್ಮಪ್ಪನ ರೇಡಿಯೊ ಹುಚ್ಚು ನಿಮಗೆಲ್ಲ ಗೊತ್ತಲ್ಲ. ಧಾರವಾಡ ಸ್ಟೇಷನ್, 765 ಕಿಲೋಹರ್ಟ್ಸ್, ಮುಳ್ಳು ಅಲ್ಲಿಂದ ಅಲುಗಾಡಿ ಎಷ್ಟೋ ವರ್ಷ ಆಯಿತು. ಇಂಜಿನಿಯರಿಂಗ್ ಓದುವ ಅಕ್ಕನ ಮಗ ರಜೆಗೆ ಬಂದವನು ಅಜ್ಜನಿಗೆ ಅಂತ ಪ್ರೀತಿಯಿಂದ ಲಿಥಿಯಂ ಪೆನ್ಸಿಲ್ ಸೆಲ್ ತಂದಿದ್ದ. ಯುಎಸ್‌ಬಿ ವೈರ್ ಚುಚ್ಚಿ ಚಾರ್ಜ್ ಮಾಡುವಂಥದ್ದು. ಹಾಕಿದ. ವಾರ್ತೆ ಬರಬೇಕಾದ ಜಾಗದಲ್ಲಿ ಕೊರ್ರ್ ಅಂತ ಮಳೆಗಾಲದ ಕಪ್ಪೆ ಕೂಗಿತು. "ಮಾವ, ರೇಡಿಯೊ ಹೋಗಿದೆ, ಹೊಸದು ಆರ್ಡರ್ ಮಾಡ್ತೀನಿ" ಅಂದ. ಅಪ್ಪನ ಮುಖ ನೋಡಬೇಕಿತ್ತು!

ಹೋಗಿರಲಿಲ್ಲ. ಕಸದ ಬುಟ್ಟಿಯಿಂದ ಹಳೇ ಸೆಲ್ ಹೆಕ್ಕಿ ಹಾಕಿದೆ, ಧಾರವಾಡ ತೆಪ್ಪಗೆ ಮಾತಾಡಿತು.

ಆ ಲಿಥಿಯಂ ಸೆಲ್ ಒಳಗಿರುವುದು 3.7 ವೋಲ್ಟ್. ಅದನ್ನು ಸಾದಾ ಸೆಲ್ಲಿನ 1.5ಕ್ಕೆ ಇಳಿಸಲು ಒಂದು ಪುಟಾಣಿ ಸರ್ಕ್ಯೂಟ್ ಇಟ್ಟಿರುತ್ತಾರೆ, ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗುತ್ತಲೇ ಇರುತ್ತದೆ, ಆ ಗಲಾಟೆ ನೇರ ಧಾರವಾಡ ಬರುವ ಮೀಡಿಯಂ ವೇವ್ ಮೇಲೇ ಬಂದು ಕೂರುತ್ತದೆ. ಅಂದರೆ ರೇಡಿಯೊ ಹೊಟ್ಟೆಯೊಳಗೇ ಇನ್ನೊಂದು ಸ್ಟೇಷನ್. ಮೂರು ವರ್ಷ ಇಂಜಿನಿಯರಿಂಗ್ ಓದಿದವನಿಗೆ ಇದು ಹೊಳೆಯಲಿಲ್ಲ, ಪಾಪ, ಪರೀಕ್ಷೆಗೆ ಬರಲ್ವೇನೋ.

ಇನ್ನೊಂದು ತಕರಾರು. ಇವು ಕೊನೇ ನಿಮಿಷದವರೆಗೂ ಪೂರ್ತಿ 1.5 ವೋಲ್ಟ್ ಕೊಟ್ಟು ಗಪ್ಪಂತ ನಿಂತುಬಿಡುತ್ತವೆ. ಸಾದಾ ಸೆಲ್ ಹಾಗಲ್ಲ. ವಾರ್ತೆ ಓದುವವರ ದನಿ ದಿನಾ ಸ್ವಲ್ಪ ಸ್ವಲ್ಪ ಸೊರಗುತ್ತದೆ, ಅಪ್ಪ ಸೆಲ್ ತೆಗೆದು ಬಿಸಿಲಿಗೆ ಇಡುತ್ತಾರೆ, ಇನ್ನೆರಡು ದಿನ ನಡೆಯುತ್ತದೆ, ಅಷ್ಟರೊಳಗೆ ಯಾರಾದರೂ ಪೇಟೆಗೆ ಹೋಗಿರುತ್ತಾರೆ.

"ಒಂದು ಸಲ ಬಳಸಿ ಬಿಸಾಡುವ ಸೆಲ್ ಪರಿಸರಕ್ಕೆ ಕೆಟ್ಟದ್ದಲ್ವಾ?" ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಸರಿ, ರೀಚಾರ್ಜ್ ಮಾಡುವುದೇ ಬೇಕಾದರೆ ನಿಕಲ್ ಮೆಟಲ್ ಹೈಡ್ರೈಡ್ ತಗೊಳ್ಳಿ. ಅದರಲ್ಲಿ ಸರ್ಕ್ಯೂಟೂ ಇಲ್ಲ, ಕಪ್ಪೆಯೂ ಇಲ್ಲ. ಅದರ 1.2 ವೋಲ್ಟ್ ಸಾಲಲ್ಲ ಅನ್ನಬೇಡಿ, ಸಾದಾ ಸೆಲ್ ಕೂಡ ಅರ್ಧ ಆಯುಷ್ಯಕ್ಕೆ ಅಲ್ಲಿಗೇ ಇಳಿದಿರುತ್ತದೆ. ಆದರೆ ಇಟ್ಟಲ್ಲೇ ಖಾಲಿಯಾಗದ ತರಹದ್ದು ಕೇಳಿ ತನ್ನಿ. ಹಳೇ ನಮೂನೆಯದು ಸುಮ್ನೆ ಇಟ್ಟರೂ ಒಂದೆರಡು ತಿಂಗಳಲ್ಲಿ ಅರ್ಧ ಖಾಲಿ. ಅಂಗಡಿಯವರನ್ನು ಕೇಳಿದರೆ "ಎಲ್ಲಾ ಒಂದೇ ಸಾರ್" ಅನ್ನುತ್ತಾರೆ. ಒಂದೇ ಆಗಿದ್ದರೆ ನನ್ನ ಬೆಳಗ್ಗೆ ಹಾಳಾಗುತ್ತಿತ್ತಾ?

ಇಷ್ಟು ಜೋರು ಮಾಡುವ ನಾನೇನು ಸಾಚಾ ಅಲ್ಲ. ಪಿಯುಸಿಯಲ್ಲಿ ದುಡ್ಡು ಕೂಡಿಟ್ಟು ಕೊಂಡ ವಾಕ್‌ಮನ್ ಇತ್ತಲ್ಲ, ಹಾಸ್ಟೆಲಲ್ಲಿ ಪಕ್ಕದವನು ತಿರುಗಿಸಿ ತಿರುಗಿಸಿ ನೋಡುತ್ತಿದ್ದನಲ್ಲ, ಅದೇ. ಒಂದು ಹೊಸ ಸೆಲ್, ಒಂದು ಹಳೇ ಸೆಲ್ ಸೇರಿಸಿ ಹಾಕಿ, ಬೇಸಿಗೆ ರಜೆ ಪೂರ್ತಿ ಟ್ರಂಕಿನಲ್ಲಿ ಬಿಟ್ಟಿದ್ದೆ. ಸಾದಾ ಸೆಲ್ಲಿನ ಹೊರಗಿನ ಸತುವಿನ ಡಬ್ಬಿಯೇ ಕರಗುತ್ತಾ ಕರೆಂಟು ಕೊಡುವುದು. ಕರಗಿ ತೂತಾಗಿ, ರಸ ಸೋರಿ, ಸ್ಪ್ರಿಂಗ್ ಹಸಿರು ಹಿಡಿದು ಕೂತಿತ್ತು. ನಿಂಬೆಹಣ್ಣು ಹಾಕಿ ಉಜ್ಜಿದೆ, ಅತ್ತೂಬಿಟ್ಟೆ. ಅದು ಮತ್ತೆ ಹಾಡಲಿಲ್ಲ. ರಿಪೇರಿಯವನ ಮುಂದೆ ಮಾತ್ರ "ಕಂಪನಿ ಮಾಲೇ ಸರಿ ಇಲ್ಲ" ಅಂದಿದ್ದೆ.

ಹುಡುಗನ ಲಿಥಿಯಂ ಸೆಲ್ ಈಗ ಟಿವಿ ರಿಮೋಟಿನಲ್ಲಿದೆ. ಅಪ್ಪ ರೇಡಿಯೊವನ್ನು ದಿಂಬಿನ ಪಕ್ಕಕ್ಕೆ ಸಾಗಿಸಿದ್ದಾರೆ, ಮೊಮ್ಮಗನ ಕೈಗೆ ಸಿಗದಂತೆ.